ರಾಕ್ಷಸ ಸರಿ ಬರ್ತಾನೆ, ಅಜ್ಜ ಮಾತ್ರ ಬರ್ತಿಲ್ಲ: ಸ್ವಂತ ಕಲಿತು ಮೂರ್ತಿ ಮಾಡುವವನಿಗೆ ಸಲಹೆ ಕೊಡಿ

ಮಣ್ಣುಮೆತ್ತಿದಕೈ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು. ಹಗಲು ಮೆಡಿಕಲ್ ಶಾಪಿನಲ್ಲಿ ಕೆಲಸ, ರಾತ್ರಿ ಊಟ ಮುಗಿದ ಮೇಲೆ ಮಣ್ಣು. ಕಾಲೇಜಿನಲ್ಲಾಗಲಿ, ಯಾರ ಕೈಕೆಳಗಾಗಲಿ ಕಲಿತಿಲ್ಲ. ವಿಡಿಯೋ ನೋಡಿದ್ದು, ಮಾಡಿ ಕೆಡಿಸಿದ್ದು, ಇಷ್ಟೇ ನನ್ನ ವಿದ್ಯೆ.

ನಾನು ಮಾಡುವುದು ಎರಡೇ ಬಗೆ. ಒಂದು, ಗೊತ್ತಿರುವವರ ತಲೆಗಳು. ಮನೆಯವರು, ಅಂಗಡಿ ಯಜಮಾನರು, ಎದುರುಮನೆ ಮೇಷ್ಟ್ರು. ಇನ್ನೊಂದು, ಕಲ್ಪನೆಯವು. ಕೊಂಬಿನ ರಾಕ್ಷಸ, ರೆಕ್ಕೆಯ ಹುಲಿ, ಗಂಡಭೇರುಂಡ, ಅರ್ಧ ಮರ ಅರ್ಧ ಮುದುಕಿ. ಚಿತ್ರ ಹಾಕಿದ್ದೇನೆ, ನೋಡಿ. ತಲೆಗಳು ಒಂದು ಗೇಣು ಎತ್ತರ, ಅಂದರೆ ನಿಜವಾದ ತಲೆಯಷ್ಟೇ. ಎಣ್ಣೆ ಬೆರೆತ ಮಾಡೆಲಿಂಗ್ ಕ್ಲೇಯಲ್ಲಿ ಮಾಡಿದ್ದು. ರಾಕ್ಷಸರೆಲ್ಲ ಅಂಗೈಯಲ್ಲಿ ನಿಲ್ಲುವಷ್ಟು ಚಿಕ್ಕವರು. ಒಳಗೆ ಅಲ್ಯೂಮಿನಿಯಂ ತಂತಿ, ಅದರ ಸುತ್ತ ರೊಟ್ಟಿ ಸುತ್ತುವ ಫಾಯಿಲ್, ಮೇಲೆ ಎಂ-ಸೀಲ್.

ತೊಂದರೆ ಏನೆಂದರೆ, ರಾಕ್ಷಸನನ್ನು ನೋಡಿದವರೆಲ್ಲ ‘ಅಬ್ಬಾ’ ಅನ್ನುತ್ತಾರೆ. ಅಜ್ಜನ ತಲೆ ನೋಡಿದವರು ‘ಚೆನ್ನಾಗಿದೆ, ಯಾರಿದು?’ ಅನ್ನುತ್ತಾರೆ. ಒಂದು ಸುಕ್ಕೂ ಬಿಡದೆ ಹಾಕಿದ್ದೇನೆ. ಹುಬ್ಬಿನ ಕೂದಲನ್ನು ಸೂಜಿಯಲ್ಲಿ ಗೀಚಿದ್ದೇನೆ. ಪುಸ್ತಕದ ಅಳತೆಗಳನ್ನೂ ಇಟ್ಟು ನೋಡಿದ್ದೇನೆ. ಆದರೂ ಅದು ಯಾರೋ ಒಬ್ಬ ಅಜ್ಜ, ನಮ್ಮಜ್ಜ ಅಲ್ಲ. ಅಮ್ಮ ನೋಡಿ, ‘ನಿಮ್ಮಜ್ಜನ ತಮ್ಮನ ಥರ ಇದೆ ಕಣೋ’ ಅಂದರು. ಅಜ್ಜನಿಗೆ ತಮ್ಮನೇ ಇರಲಿಲ್ಲ.

ಎಲ್ಲಿ ತಪ್ಪುತ್ತಿದೆ? ಹೋಲಿಸಿ ನೋಡಲಿ ಅಂತ ಅಜ್ಜನ ಎರಡು ಹಳೇ ಫೋಟೋನೂ ಹಾಕಿದ್ದೇನೆ. ಬೈದರೂ ಪರವಾಗಿಲ್ಲ, ಸುಮ್ನೆ ‘ಸೂಪರ್’ ಅನ್ನಬೇಡಿ.

ಸುಮ್ನೆಬಂದೆ

ಸೂಪರ್! ಮರದ ಮುದುಕಿಯನ್ನು ನೋಡಿ ನಮ್ಮನೆ ಮಗು ಫೋನ್ ಬಿಸಾಕಿ ಓಡಿತು. ರಾಕ್ಷಸನನ್ನು ಯಾರೂ ಕಂಡಿಲ್ಲವಲ್ಲ ಸಾರ್, ಅದಕ್ಕೇ ಎಲ್ಲರಿಗೂ ಸರಿ ಅನಿಸುತ್ತಾನೆ.

ಪ್ಲಾಸ್ಟರ್‌ಧೂಳು

ತಮಾಷೆಗೆ ಅಂದಿದ್ದರೂ ಅದರಲ್ಲಿ ಅರ್ಧ ನಿಜ ಇದೆ. ಗುರುತಿನವರ ಮುಖದಲ್ಲಿ ಎರಡು ಮಿಲಿಮೀಟರ್ ಆಚೀಚೆ ಆದರೂ ನಮ್ಮ ಕಣ್ಣು ಹಿಡಿದುಬಿಡುತ್ತದೆ. ಏನು ತಪ್ಪಿದೆ ಅಂತ ಹೇಳಲು ಬರುವುದಿಲ್ಲ, ತಪ್ಪಿದೆ ಅಂತ ಮಾತ್ರ ಗೊತ್ತಾಗುತ್ತದೆ. ರಾಕ್ಷಸನಿಗೆ ಆ ಕಷ್ಟ ಇಲ್ಲ. ಇನ್ನರ್ಧದ ಬಗ್ಗೆ ಆಮೇಲೆ ಯಾರಾದರೂ ಜಗಳ ಆಡಲಿ.

ನಾನು ಮೈಸೂರಿನಲ್ಲಿ ಶಿಲ್ಪ ಓದಿದವನು, ಈಗ ಕಲಿಸುತ್ತೇನೆ. ನಿಮ್ಮ ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದಿಂದ ತೆಗೆದ ಚಿತ್ರ ನೋಡಿಕೊಳ್ಳಿ. ಕಿವಿ ಎಲ್ಲಿದೆ? ತಲೆಯ ನಡುಗೆರೆಗಿಂತ ಮುಂದೆ ಬಂದು ಕೂತಿದೆ. ಅದು ನಡುಗೆರೆಯ ಹಿಂದೆ ಇರಬೇಕು, ಅದರ ಹಿಂದೆ ಇನ್ನೂ ಸಾಕಷ್ಟು ಬುರುಡೆ ಇರಬೇಕು. ಪಕ್ಕದಿಂದ ನೋಡಿದರೆ ಮನುಷ್ಯನ ತಲೆ ಎಷ್ಟು ಎತ್ತರವೋ ಹತ್ತಿರಹತ್ತಿರ ಅಷ್ಟೇ ಆಳ. ನಿಮ್ಮಜ್ಜನಿಗೆ ಹಿಂದಲೆಯೇ ಇಲ್ಲ. ಫೋಟೋ ನೋಡಿ ಕಲಿತವರಲ್ಲಿ ಇದು ಮಾಮೂಲು. ಫೋಟೋಗೆ ಹಿಂಬದಿ ಇರುವುದಿಲ್ಲವಲ್ಲ.

ಎರಡನೆಯದು ಕಣ್ಣು. ನೀವು ಎರಡು ಗೆರೆ ಎಳೆದು ಅದನ್ನು ಕಣ್ಣು ಅಂದಿದ್ದೀರಿ. ಕಣ್ಣು ಗೆರೆಯಲ್ಲ, ಗುಡ್ಡೆ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ಅಡ್ಡಗಲ. ಮೊದಲು ಗುಳಿ ತೆಗೆಯಿರಿ, ಅದರಲ್ಲಿ ಗುಂಡು ಕೂರಿಸಿ. ಆಮೇಲೆ ಮಣ್ಣನ್ನು ತೆಳ್ಳಗೆ ತಟ್ಟಿ ರೆಪ್ಪೆ ಮಾಡಿ ಗುಂಡಿನ ಮೇಲೆ ಹೊದಿಸಿ. ಕೆಳಗಿನ ರೆಪ್ಪೆ ಮೊದಲು. ಮೇಲಿನದು ಹೊರಮೂಲೆಯಲ್ಲಿ ಅದರ ಮೇಲೆ ಹಾದು ಬರುತ್ತದೆ. ಮೇಲಿನ ರೆಪ್ಪೆ ಕರಿಗುಡ್ಡೆಯ ಮೇಲಂಚನ್ನು ಸ್ವಲ್ಪ ಮುಚ್ಚಿರಲಿ, ಇಲ್ಲದಿದ್ದರೆ ಅಜ್ಜ ಬೆಚ್ಚಿಬಿದ್ದ ಹಾಗೆ ಕಾಣುತ್ತಾರೆ. ಮುಖ ಮುಂದೆ ಉಬ್ಬಿರುವುದರಿಂದ ಕಣ್ಣಿನ ಹೊರಮೂಲೆ ಒಳಮೂಲೆಗಿಂತ ಹಿಂದೆ ಇರುತ್ತದೆ. ನಿಮ್ಮದರಲ್ಲಿ ಎರಡೂ ಒಂದೇ ಗೆರೆಯಲ್ಲಿವೆ.

ಕಣ್ಣಿನ ನೋಟಕ್ಕೆ ಒಂದು ಹಳೇ ಉಪಾಯ ಇದೆ. 18ನೇ ಶತಮಾನದ ಫ್ರೆಂಚ್ ಶಿಲ್ಪಿ ಉದೋನ್ ಪಾಪೆಯನ್ನು ಆಳವಾಗಿ ಕೊರೆದು, ಒಳಗೆ ಮೇಲ್ಗಡೆ ಒಂದು ಚೂರನ್ನು ಕೊರೆಯದೆ ಹಾಗೇ ಬಿಡುತ್ತಿದ್ದರು. ಕೊರೆದ ಗುಳಿಗೆ ನೆರಳು ತುಂಬಿ ಕಪ್ಪಗೆ ಕಾಣುತ್ತದೆ. ಉಳಿದ ಚೂರಿನ ಮೇಲೆ ಬೆಳಕು ಬಿದ್ದು ಕಣ್ಣಿನ ಹೊಳಪು ಅನಿಸುತ್ತದೆ. ಬಣ್ಣವೇ ಬೇಡ. ಅವರು ಮಾಡಿದ ಲೇಖಕ ವಾಲ್ಟೇರನ ತಲೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ.

ಸದ್ಯಕ್ಕೆ ಸುಕ್ಕನ್ನೆಲ್ಲ ಹೆಬ್ಬೆರಳಲ್ಲಿ ಒರೆಸಿಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಬೆನ್ನು ಹಾಕಿ ನಿಂತವರನ್ನೂ ನಾವು ಗುರುತು ಹಿಡಿಯುತ್ತೇವೆ, ಅಲ್ವಾ? ಆಗ ಸುಕ್ಕು ಎಲ್ಲಿ ಕಾಣುತ್ತದೆ? ತಲೆಯ ಆಕಾರ, ಅದು ಕುತ್ತಿಗೆಯ ಮೇಲೆ ಕೂತ ರೀತಿ, ಅಷ್ಟರಲ್ಲೇ ಆಳು ಸಿಕ್ಕಿಬಿಡುತ್ತಾನೆ.

ಬೇಏರಿಯಾಬೊಂಬೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಹುಟ್ಟಿದ್ದು ತುಮಕೂರು, ಇರುವುದು ಕ್ಯಾಲಿಫೋರ್ನಿಯಾ. ಪಾಲಿಮರ್ ಕ್ಲೇಯಲ್ಲಿ ಚಿಕ್ಕ ಬಸ್ಟ್‌ಗಳನ್ನು, ಅಂದರೆ ಎದೆಯವರೆಗಿನ ಮೂರ್ತಿಗಳನ್ನು ಮಾಡುವ ಹುಚ್ಚು ನನಗೂ ಇದೆ.

ಎದುರುಮನೆ ಮೇಷ್ಟ್ರ ತಲೆ, ಅಂಗಡಿ ಯಜಮಾನರ ತಲೆ ಮಾಡಲು ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿರುತ್ತೀರಿ. ಅಲ್ಲೇ ಮೂಗು ಕೆಟ್ಟಿದೆ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದಿಂದ ತೆಗೆದ ಫೋಟೋಗಿಂತ ಸುಮಾರು 30 ಶೇಕಡಾ ಅಗಲ ಕಾಣುತ್ತದೆ ಅಂತ ಅಮೆರಿಕದ ಡಾಕ್ಟರುಗಳೇ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದ್ದಾರೆ. ಮೂಗಿನ ಆಪರೇಷನ್ ಬೇಕು ಅಂತ ಸೆಲ್ಫಿ ಹಿಡಿದುಕೊಂಡು ಬರುವವರ ಕಾಟಕ್ಕೆ ಮಾಡಿದ ಲೆಕ್ಕ ಅದು. ಹತ್ತಿರದ ಫೋಟೋದಲ್ಲಿ ಕಿವಿಗಳೂ ಹಿಂದೆ ಸರಿದು ಮರೆಯಾಗುತ್ತವೆ. ಏಳೆಂಟು ಅಡಿ ದೂರ ನಿಂತು, ಝೂಮ್ ಮಾಡಿ ತೆಗೆಯಿರಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿ ಇರಲಿ. ಎದುರು, ಎರಡು ಪಕ್ಕ, ಓರೆ, ಹಿಂದೆ, ಮೇಲಿನಿಂದ, ಗದ್ದದ ಕೆಳಗಿನಿಂದ, ಎಲ್ಲ ಬೇಕು. ಕೆಳಗಿನಿಂದ ತೆಗೆಯುವಾಗ ಯಜಮಾನರು ಬೈದರೆ ನನ್ನ ಹೆಸರು ಹೇಳಬೇಡಿ.

ಹಲ್‌ಸೆಟ್‌ಅಕ್ಕ

ನನಗೆ ಶಿಲ್ಪ ಗಿಲ್ಪ ಗೊತ್ತಿಲ್ಲ. ಧಾರವಾಡದಲ್ಲಿ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವ ಕೆಲಸ. ಹಾಗಾಗಿ ಕಣ್ಣು ಮೊದಲು ಬಾಯಿಗೇ ಹೋಗುತ್ತದೆ.

ತಮ್ಮಾ, ನೀವು ಹಾಕಿದ ಎರಡು ಫೋಟೋದಲ್ಲಿ ಕಪ್ಪು-ಬಿಳುಪಿನದು ಅಜ್ಜ ಗಟ್ಟಿ ಇದ್ದಾಗಿನದು, ಹಲ್ಲು ಪೂರ್ತಿ ಇವೆ. ಬಣ್ಣದ್ದರಲ್ಲಿ ಹಲ್ಲಿಲ್ಲ, ಸೆಟ್ಟೂ ಹಾಕಿಲ್ಲ, ಹೌದಲ್ಲೋ? ನಿಮ್ಮ ಮಣ್ಣಿನ ತಲೆಯಲ್ಲಿ ಮೂಗಿನ ಮೇಲೆ ಎಂಬತ್ತರ ಮುದುಕ, ಮೂಗಿನ ಕೆಳಗೆ ನಲವತ್ತರ ಗಂಡಸು. ನಲವತ್ತರ ದವಡೆಯ ಮೇಲೆ ಸುಕ್ಕು ಗೀಚಿದ್ದೀರಿ ಅಷ್ಟೇ.

ಹಲ್ಲು ಉದುರಿದ ಮೇಲೆ ಅವನ್ನು ಹಿಡಿದಿದ್ದ ಮೂಳೆಯ ಏಣು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಬಾಯಿ ಮುಚ್ಚಿದಾಗ ‘ಸಾಕು, ನಿಲ್ಲು’ ಅನ್ನಲು ಹಲ್ಲು ಇಲ್ಲ. ಕೆಳದವಡೆ ಇನ್ನೂ ಮೇಲಕ್ಕೆ ಬರುತ್ತದೆ, ಬರುವಾಗ ಮುಂದಕ್ಕೂ ತಿರುಗುತ್ತದೆ. ಅದಕ್ಕೇ ಬೊಚ್ಚುಬಾಯಿಯವರ ಗದ್ದ ಮುಂದೆ ಚಾಚಿ ಮೂಗಿನ ಹತ್ತಿರ ಹೋದ ಹಾಗೆ ಕಾಣುವುದು. ತುಟಿಗೆ ಹಿಂದಿನಿಂದ ಆಸರೆ ಇಲ್ಲ, ಒಳಕ್ಕೆ ಮಡಚಿಕೊಳ್ಳುತ್ತದೆ, ಕೆಂಪು ಭಾಗ ಕಾಣುವುದೇ ಇಲ್ಲ. ನೀವು ತುಂಬು ತುಟಿ ಮಾಡಿದ್ದೀರಿ.

ಸೆಟ್ ಮಾಡುವಾಗ ಡಾಕ್ಟರು ಮೊದಲು ಮೇಣದ ಏಣು ಬಾಯಲ್ಲಿಟ್ಟು, ಮೂಗಿನ ತುದಿಗೊಂದು ಗದ್ದಕ್ಕೊಂದು ಚುಕ್ಕೆ ಇಟ್ಟು ಅಂತರ ಅಳೆಯುತ್ತಾರೆ. ಆ ಅಳತೆ ಮೂರು-ನಾಲ್ಕು ಮಿಲಿಮೀಟರ್ ತಪ್ಪಿದರೂ ಮನೆಯವರು ‘ಯಾಕೋ ಅವ್ವ ಬ್ಯಾರೆ ಕಾಣ್ತಾಳಲ್ರೀ’ ಅಂತ ವಾಪಸ್ ಬರುತ್ತಾರೆ. ಒಂದು ಕೂದಲೂ ಆಚೀಚೆ ಆಗಿರುವುದಿಲ್ಲ, ಕಣ್ಣು ಮೂಗು ಅವೇ. ಆದರೂ ಬೇರೆಯವರು.

ಮಣ್ಣುಮೆತ್ತಿದಕೈ

ಅಕ್ಕಾ, ಮೈ ಜುಮ್ಮೆಂದಿತು. ಅಜ್ಜನಿಗೆ ಸೆಟ್ ಮಾಡಿಸಿದ್ದೆವು. ಅದು ಡಬ್ಬಿಯಲ್ಲೇ ಇರುತ್ತಿತ್ತು. ಮದುವೆ ಮನೆಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ಬಾಯಿಗೆ ಮಾತ್ರ ಹಾಕುತ್ತಿರಲಿಲ್ಲ. ಬಣ್ಣದ ಫೋಟೋದಲ್ಲಿ ಅಜ್ಜ ಕೈಯನ್ನು ಗದ್ದಕ್ಕೆ ಊರಿದ್ದಾರೆ, ಅದಕ್ಕೇ ಬಾಯಿಯ ಭಾಗಕ್ಕೆ ಹಳೇ ಫೋಟೋ ನೋಡಿದೆ.

ಈಗ ಯಾವ ಅಜ್ಜನನ್ನು ಮಾಡುವುದು ಅಂತ ಮನೆಯಲ್ಲಿ ಜಗಳ ಶುರುವಾಗಿದೆ. ಅಮ್ಮನಿಗೆ ಹಲ್ಲಿದ್ದ ಅಪ್ಪ ಬೇಕು. ನನಗೆ, ತಂಗಿಗೆ ಗೊತ್ತಿರುವುದು ಬೊಚ್ಚುಬಾಯಿ ಅಜ್ಜ.

ಚೌತಿಬೀದಿ

ಬೊಚ್ಚುಬಾಯಿಯನ್ನೇ ಮಾಡಿ. ಹಲ್ಲಿನ ಅಜ್ಜನಿಗೆ ಫೋಟೋ ಇದೆಯಲ್ಲ.

ನಮ್ಮದು ಶಿವಮೊಗ್ಗ ಕಡೆ ಗಣಪತಿ ಮಾಡುವ ಮನೆ. ಮುತ್ತಾತನ ಕಾಲದಿಂದ ಇದೇ ಕಸುಬು. ನೀವು ಅಳತೆ ಇಟ್ಟು ನೋಡಿದ್ದೇನೆ ಅಂದಿರಲ್ಲ, ತೊಂದರೆ ಅಲ್ಲೇ ಇದೆ ಅಂತ ನನಗೆ ಅನಿಸಿತು. ನಮ್ಮಲ್ಲಿ ತಾಳಮಾನ ಅಂತ ಇದೆ. ಕೂದಲಂಚಿನಿಂದ ಗದ್ದದವರೆಗೆ ಒಂದು ತಾಳ, ಅಂದರೆ 12 ಅಂಗುಲ. ಟೇಪಿನ ಇಂಚು ಅಲ್ಲ, ಆಯಾ ಮೂರ್ತಿಯದೇ ಅಂಗುಲ. ಅದರಲ್ಲಿ ಹಣೆ 4, ಮೂಗು 4, ಮೂಗಿನ ಕೆಳಗಿನಿಂದ ಗದ್ದದ ತುದಿಗೆ 4. ನವತಾಳದ ಮೂರ್ತಿ ಅಂದರೆ ಮುಡಿಯಿಂದ ಅಡಿಗೆ 108 ಅಂಗುಲ. ನೀವು ನೋಡಿದ ವಿಡಿಯೋಗಳೂ ಮುಖವನ್ನು ಮೂರು ಸಮಪಾಲು ಮಾಡಿ ಅಂತಲೇ ಹೇಳಿರುತ್ತವೆ.

ದೇವರನ್ನು ಮಾಡುವಾಗ ಮುಖವನ್ನು ಈ ಅಳತೆಗೆ ಕೂರಿಸಬೇಕು. ಮನುಷ್ಯರನ್ನು ಮಾಡುವಾಗ ಮುಖ ಈ ಅಳತೆಯಿಂದ ಎಲ್ಲಿ, ಎಷ್ಟು ಜಾರಿದೆ ಅಂತ ನೋಡಬೇಕು. ಅಕ್ಕ ಹೇಳಿದ ಲೆಕ್ಕದಲ್ಲಿ ನಿಮ್ಮಜ್ಜ ನಾಲ್ಕು, ನಾಲ್ಕು, ಮೂರು. ನೀವು ಅವರನ್ನು ನಾಲ್ಕು, ನಾಲ್ಕು, ನಾಲ್ಕು ಮಾಡಿ ದೇವರ ಸಾಲಿಗೆ ಸೇರಿಸಿದ್ದೀರಿ. ಎಲ್ಲರಿಗೂ ಹೊಂದುವ ಮುಖ ಬಂದಿದೆ, ಅಜ್ಜನ ಮುಖ ಬಂದಿಲ್ಲ.

ಹಾಗಂತ ಅಳತೆ ಬೇಡ ಅಂತಲ್ಲ. ಅಳತೆ ಗೊತ್ತಿಲ್ಲದಿದ್ದರೆ ಜಾರಿದ್ದು ಕಾಣುವುದೇ ಇಲ್ಲ. ನನ್ನ ಅಪ್ಪ ಊರವರ ಮುಖ ನೋಡಿ ‘ಇವನದು ಹಣೆ ಐದು’, ‘ಇವಳದು ಮೂಗು ಮೂರೂವರೆ’ ಅನ್ನುತ್ತಿದ್ದರು. ಮದುವೆ ಮನೆಯಲ್ಲೂ ಅದೇ ಮಾತು, ಅಮ್ಮ ಮೊಣಕೈಯಲ್ಲಿ ತಿವಿಯುತ್ತಿದ್ದರು.

ಹಳೇಗರಡಿ

ಇಷ್ಟೆಲ್ಲ ಹೇಳಿಸಿಕೊಳ್ಳುವ ಬದಲು ಒಬ್ಬ ಗುರುವಿನ ಹತ್ತಿರ ಹೋಗಿ ಮೂರು ವರ್ಷ ಮಣ್ಣು ತುಳಿದಿದ್ದರೆ ಆಗುತ್ತಿತ್ತು. ಈಗಿನವರಿಗೆ ಎಲ್ಲ ಫೋನಿನಲ್ಲೇ ಸಿಗಬೇಕು. ಸ್ವಂತ ಕಲಿತೆ ಅನ್ನುವುದು ಹೆಮ್ಮೆಯ ಮಾತಲ್ಲ.

ಬೇಏರಿಯಾಬೊಂಬೆ

ಯಜಮಾನ್ರೇ, ಅವರು ಹೆಮ್ಮೆಯಿಂದ ಹೇಳಿಲ್ಲ, ಸಂಕೋಚದಿಂದ ಹೇಳಿದ್ದಾರೆ. ಸ್ವಂತ ಕಲಿತು ದೊಡ್ಡ ಕೆಲಸ ಮಾಡಿದವರು ಕಮ್ಮಿ ಇಲ್ಲ. ಚಂಡೀಗಢದ ನೇಕ್ ಚಂದ್ ರಸ್ತೆ ಇಲಾಖೆಯ ಇನ್‌ಸ್ಪೆಕ್ಟರ್. 1957ರ ಹೊತ್ತಿಗೆ ಕಾಡಿನ ಅಂಚಿನ ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಶುರು ಮಾಡಿದರು. ಒಡೆದ ಬಳೆ, ಪಿಂಗಾಣಿ ಚೂರುಗಳಲ್ಲಿ ಮನುಷ್ಯರು, ಪ್ರಾಣಿಗಳು. ಹಗಲು ಕೆಲಸ, ರಾತ್ರಿ ಇದು, ನಮ್ಮ ದಾವಣಗೆರೆಯವರ ಹಾಗೇ. ಸರ್ಕಾರಕ್ಕೆ ಗೊತ್ತಾದಾಗ ಕೆಡವುವ ಮಾತೂ ಬಂದಿತ್ತು. ಕೊನೆಗೆ 1976ರಲ್ಲಿ ಅದನ್ನೇ ಜನರಿಗೆ ತೆರೆದರು, ರಾಕ್ ಗಾರ್ಡನ್ ಅಂತ.

ಫ್ರಾನ್ಸಿನ ದೊಮಿಯೆ ಅಂತೂ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುವವರು, ಶಿಲ್ಪ ಕಲಿತವರಲ್ಲ. 1832ರ ಸುಮಾರಿಗೆ ಪಾರ್ಲಿಮೆಂಟಿನವರ ತಲೆಗಳನ್ನು ಹಸಿಮಣ್ಣಿನಲ್ಲಿ ಮಾಡಿ, ಸುಡದೆ, ಹಾಗೇ ಬಣ್ಣ ಬಳಿದರು. ಗೇಣುದ್ದವೂ ಇಲ್ಲದ ತಲೆಗಳು. ಅವುಗಳಲ್ಲಿ 36 ಈಗಲೂ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿವೆ. ಒಬ್ಬೊಬ್ಬನ ಗದ್ದ, ಒಬ್ಬೊಬ್ಬನ ಮೂಗು ಎಲ್ಲಿ ಜಾರಿದೆ ಅಂತ ನೋಡಿ, ಇನ್ನಷ್ಟು ಜಾರಿಸಿದ್ದಾರೆ. ಚೌತಿಬೀದಿಯವರ ಅಪ್ಪನ ಲೆಕ್ಕವೇ ಅದು!

ಈಗಿನವರಲ್ಲಿ ರಾನ್ ಮ್ಯೂಯಿಕ್. ಕೂದಲು, ಚರ್ಮದ ರಂಧ್ರ ಸಮೇತ ಮನುಷ್ಯರನ್ನು ಮಾಡುವವರು. ಅವರೂ ಆರ್ಟ್ ಕಾಲೇಜಿಗೆ ಹೋದವರಲ್ಲ.

ಪ್ಲಾಸ್ಟರ್‌ಧೂಳು

ಮ್ಯೂಯಿಕ್ ಹೆಸರು ಬಂದದ್ದು ಒಳ್ಳೆಯದಾಯಿತು. ಕಾಲೇಜಿಗೆ ಹೋಗಿಲ್ಲ, ನಿಜ. ಆದರೆ ಅವರ ಅಪ್ಪ ಅಮ್ಮ ಮೆಲ್ಬರ್ನ್‌ನಲ್ಲಿ ಆಟಿಕೆ ಮಾಡುತ್ತಿದ್ದವರು. ಆಮೇಲೆ ವರ್ಷಗಟ್ಟಲೆ ಟಿವಿ, ಸಿನಿಮಾಗಳಿಗೆ ಬೊಂಬೆ ಮಾಡುವ ವರ್ಕ್‌ಶಾಪ್‌ಗಳಲ್ಲಿ ದುಡಿದಿದ್ದಾರೆ. ಪಕ್ಕದಲ್ಲಿ ಕೆಲಸ ಗೊತ್ತಿರುವವರು ಕೂತಿದ್ದರು. ದೊಮಿಯೆಯ ಕೈಯೂ ದಿನಾ ಮುಖ ಬರೆದು ಪಳಗಿದ ಕೈ. ಸ್ವಂತ ಕಲಿತವರು ಅಂದರೆ ಒಂಟಿಯಾಗಿ ಕಲಿತವರು ಅಂತ ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ನಮಗೆ ಸಿಕ್ಕ ದೊಡ್ಡ ಲಾಭ ಪಾಠ ಅಲ್ಲ. ಹಿಂದೆ ನಿಂತು ‘ಕಿವಿ ತಪ್ಪಿದೆ’ ಅನ್ನುವ ಇನ್ನೊಬ್ಬ ವಿದ್ಯಾರ್ಥಿ. ಇಲ್ಲಿ ಈಗ ಆಗುತ್ತಿರುವುದೂ ಅದೇ. ಹಳೇಗರಡಿಯವರಿಗೆ ಹೇಳುವುದೇನೆಂದರೆ, ಮೂರು ವರ್ಷ ಮಣ್ಣು ತುಳಿದು, ಡಿಗ್ರಿ ತಗೊಂಡು, ಹಿಂದಲೆ ಮಾಡಲು ಬಾರದವರನ್ನೂ ನಾನು ನೋಡಿದ್ದೇನೆ.

ಮ್ಯೂಯಿಕ್ ಕೆಲಸದಲ್ಲಿ ಜನ ಚರ್ಮ ನೋಡಿ ಬೆರಗಾಗುತ್ತಾರೆ. ನನಗೆ ದೊಡ್ಡದು ಅನಿಸುವುದು ಅಳತೆ. ತೀರಿಕೊಂಡ ಅಪ್ಪನನ್ನು ಮಾಡಿದ್ದಾರೆ, 1996-97ರಲ್ಲಿ. ಮೂರಡಿಗಿಂತ ಸ್ವಲ್ಪ ಉದ್ದ, ಅಷ್ಟೇ. ದೊಡ್ಡ ಆಳು ಅಷ್ಟು ಚಿಕ್ಕದಾಗಿ ನೆಲದ ಮೇಲೆ ಅಂಗಾತ ಮಲಗಿದ್ದಾರೆ. ಚರ್ಮ ಇಷ್ಟು ಚೆನ್ನಾಗಿಲ್ಲದಿದ್ದರೂ ಆ ಅಳತೆಯೇ ಹೊಡೆಯುತ್ತಿತ್ತು.

ಕೊಟ್ಟಿಗೆಡಾಕ್ಟ್ರು

ಎಲ್ಲರೂ ಅಜ್ಜನನ್ನೇ ಹಿಡಿದುಕೊಂಡಿದ್ದೀರಿ, ರಾಕ್ಷಸನನ್ನು ಯಾರೂ ಮುಟ್ಟಿಲ್ಲ. ‘ರಾಕ್ಷಸನನ್ನು ಯಾರೂ ಕಂಡಿಲ್ಲ’ ಅಂದವರ ಜೊತೆ ಜಗಳ ಆಡಲು ನಾನು ತಯಾರು. ಹಾಸನ ಜಿಲ್ಲೆಯಲ್ಲಿ ಪಶುವೈದ್ಯ. ದನದ ಕೊಂಬು ದಿನಾ ಮುಟ್ಟುವವನು.

ನಿಮ್ಮ ರಾಕ್ಷಸನ ಕೊಂಬು ಹಣೆಗೆ ಅಂಟಿಸಿದ ಹಾಗಿದೆ. ದನದ ಕೊಂಬಿನೊಳಗೆ ಮೂಳೆ ಇದೆ. ಅದು ಬುರುಡೆಯಿಂದಲೇ ಎದ್ದು ಬರುತ್ತದೆ, ಮೇಲಿನ ಗಟ್ಟಿ ಹೊದಿಕೆ ಮಾತ್ರ ಉಗುರಿನ ಜಾತಿಯದು. ಹಾಗಾಗಿ ಬುಡದಲ್ಲಿ ತಲೆಯೇ ಉಬ್ಬುತ್ತದೆ, ಸುತ್ತ ಚರ್ಮದ ಸುರುಳಿ ಇರುತ್ತದೆ, ಕೂದಲು ಅಲ್ಲಿ ದಿಕ್ಕು ಬದಲಿಸುತ್ತದೆ. ಎರಡು ದೊಡ್ಡ ಕೊಂಬು ಹೊರುವ ಕುತ್ತಿಗೆ ತೆಳ್ಳಗಿದ್ದರೆ ಹೇಗೆ? ಹೋರಿಯ ಹೆಗಲು, ಹಿಂಗತ್ತು ನೋಡಿ. ನಿಮ್ಮ ರಾಕ್ಷಸನದು ಮೆಡಿಕಲ್ ಶಾಪಿನವರ ಕುತ್ತಿಗೆ!

ರೆಕ್ಕೆಯ ಹುಲಿ ಇನ್ನೂ ಕಷ್ಟ. ಹಕ್ಕಿಗೆ ರೆಕ್ಕೆ ಬಡಿಯುವ ಮಾಂಸ ಬೆನ್ನಿನಲ್ಲಿಲ್ಲ, ಎದೆಯಲ್ಲಿದೆ. ಎದೆಮೂಳೆಯ ನಡುವೆ ಎದ್ದ ಏಣಿಗೆ ಅದು ಅಂಟಿರುತ್ತದೆ. ಕೋಳಿ ಕೊಯ್ದವರಿಗೆಲ್ಲ ಗೊತ್ತು. ಹುಲಿಗೆ ಆಗಲೇ ಮುಂಗಾಲಿನ ಹೆಗಲು ಇದೆ. ರೆಕ್ಕೆಗೆ ಇನ್ನೊಂದು ಹೆಗಲು ಬೇಕು, ಎದೆ ಇನ್ನೂ ಆಳ ಬೇಕು. ಅದನ್ನು ಎಲ್ಲಿ ಕೂರಿಸುತ್ತೀರಿ ಅಂತ ಮೊದಲು ತಂತಿಯಲ್ಲೇ ಯೋಚಿಸಿ. ಎಂ-ಸೀಲ್ ಹಾಕಿದ ಮೇಲೆ ಗರಿ ಎಷ್ಟು ಗೀಚಿದರೂ ಅದು ಬೆನ್ನಿಗೆ ಅಂಟಿಸಿದ ರಟ್ಟು.

ಕೊಂಬು, ಕೋರೆ ಎರಡೂ ಇರುವ ಪ್ರಾಣಿ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಲೆನಾಡಿನ ಕಾಡುಕುರಿಯ ಗಂಡಿಗೆ ಚಿಕ್ಕ ಕವಲುಗೊಂಬೂ ಇದೆ, ತುಟಿಯಿಂದ ಹೊರಗೆ ಕಾಣುವ ಕೋರೆಯೂ ಇದೆ. ಅದರ ಬುರುಡೆಯ ಚಿತ್ರ ಹುಡುಕಿ ನೋಡಿ, ಒಳ್ಳೆಯ ರಾಕ್ಷಸ ಸಿಗುತ್ತಾನೆ.

ನಮ್ಮ ಪಕ್ಕದಲ್ಲೇ ಹಳೇಬೀಡು ಇದೆ. ಗೋಡೆಯ ಪಟ್ಟಿಯಲ್ಲಿ ಮಕರ ನೋಡಿರುತ್ತೀರಿ. ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿಯ ಮೈ, ನವಿಲಿನ ಬಾಲ ಅಂತ ಗೈಡುಗಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಮುಂದಿನ ಸಲ ಹೋದಾಗ ಒಂದರಿಂದ ಇನ್ನೊಂದಕ್ಕೆ ಹೋಗುವ ಜಾಗ ನೋಡಿ. ಸೊಂಡಿಲು ಎಲ್ಲಿ ಮುಗಿದು ದವಡೆ ಎಲ್ಲಿ ಶುರುವಾಯಿತು ಅಂತ ಬೆರಳು ಇಟ್ಟು ತೋರಿಸಲು ಆಗುವುದಿಲ್ಲ. ಮುಂಗಾಲಿನ ಮೇಲೆ ಭಾರ ಬಿದ್ದಿದೆ. ಕೆತ್ತಿದವನು ಆನೆಯನ್ನೂ ಹಂದಿಯನ್ನೂ ದಿನಾ ನೋಡಿದವನೇ.

ಪ್ಲಾಸ್ಟರ್‌ಧೂಳು

ಡಾಕ್ಟ್ರೇ, ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಯಲ್ಲಿ ಇದನ್ನೇ ಬರೆದಿಟ್ಟಿದ್ದಾನೆ. ಇಲ್ಲದ ಪ್ರಾಣಿ ನಿಜ ಅನಿಸಬೇಕಾದರೆ ಅದರ ಒಂದೊಂದು ಅಂಗವೂ ಇರುವ ಪ್ರಾಣಿಯದಾಗಿರಬೇಕು ಅಂತ. ಡ್ರ್ಯಾಗನ್‌ಗೆ ನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಸಿಂಹದ ಹುಬ್ಬು, ಆಮೆಯ ಕುತ್ತಿಗೆ, ಹೀಗೆ ಪಟ್ಟಿ ಕೊಡುತ್ತಾನೆ. ನಿಮ್ಮ ಹಳೇಬೀಡಿನವರು ಅವನಿಗಿಂತ ಮುನ್ನೂರು ವರ್ಷ ಮೊದಲೇ ಮಾಡಿ ಮುಗಿಸಿದ್ದರು.

ಮುಖದ ಸಿಟ್ಟಿನ ಬಗ್ಗೆ ಒಂದು ಮಾತು. ರಾಕ್ಷಸ ಅಂದರೆ ಹಲ್ಲು ಕಿರಿದು ಕಣ್ಣು ಬಿಟ್ಟಿರಬೇಕು ಅಂತ ಎಲ್ಲರೂ ಮಾಡುತ್ತಾರೆ. ನಿಮ್ಮವನೂ ಹಾಗೇ. ಕನ್ನಡಿ ಮುಂದೆ ನಿಂತು ನಿಮ್ಮ ಮುಖವನ್ನೇ ಸೊಟ್ಟ ಮಾಡಿ ನೋಡಿ. ನಿಜವಾಗಿ ಹಲ್ಲು ಕಿರಿದಾಗ ಮೂಗಿನ ಪಕ್ಕ ಉಬ್ಬುತ್ತದೆ, ಕೆಳರೆಪ್ಪೆ ಮೇಲೇರುತ್ತದೆ, ಕುತ್ತಿಗೆಯ ನರ ಎದ್ದು ನಿಲ್ಲುತ್ತವೆ. 18ನೇ ಶತಮಾನದಲ್ಲಿ ಮೆಸರ್‌ಷ್ಮಿಟ್ ಅಂತ ಒಬ್ಬ ಶಿಲ್ಪಿ ತನ್ನ ಪಕ್ಕೆಯನ್ನು ತಾನೇ ಚಿವುಟಿಕೊಂಡು, ಕನ್ನಡಿಯಲ್ಲಿ ಮುಖ ನೋಡಿ, ಆ ಸೊಟ್ಟ ಮುಖಗಳನ್ನು ಲೋಹದಲ್ಲಿ, ಕಲ್ಲಿನಲ್ಲಿ ಮಾಡುತ್ತಿದ್ದ. ಮನೆಗೆ ಬಂದು ನೋಡಿದವರೇ ಬರೆದಿದ್ದಾರೆ. ಕೊಂಬು, ಕೋರೆ ಏನೂ ಇಲ್ಲ, ಬೋಳುತಲೆಯ ಮನುಷ್ಯ ಅಷ್ಟೇ. ನಿಮ್ಮ ರಾಕ್ಷಸನಿಗಿಂತ ಹೆಚ್ಚು ಹೆದರಿಕೆ ಆಗುತ್ತದೆ.

ಸುಮ್ನೆಬಂದೆ

ಸೋತೆ ಡಾಕ್ಟ್ರೇ. ಒಂದು ಪೆದ್ದು ಪ್ರಶ್ನೆ: ಈಗ ಕಂಪ್ಯೂಟರ್‌ನಲ್ಲೇ ಮಾಡಿ ತ್ರೀಡಿ ಪ್ರಿಂಟ್ ತೆಗೆಯಬಹುದಲ್ಲ? ಮಣ್ಣು ಯಾಕೆ?

ಬೇಏರಿಯಾಬೊಂಬೆ

ತೆಗೆಯಬಹುದು. ನಾನೂ ತೆಗೆಯುತ್ತೇನೆ. ಅಲ್ಲೂ ಹಿಂದಲೆ ನೀವೇ ಮಾಡಬೇಕು.

ಮಣ್ಣುಮೆತ್ತಿದಕೈ

ಎಲ್ಲ ಓದಿಕೊಂಡು ನಿನ್ನೆ ರಾತ್ರಿ ಕೂತೆ. ಮೊದಲು ಸುಕ್ಕೆಲ್ಲ ಒರೆಸಿದೆ. ಆಮೇಲೆ ಗಟ್ಟಿ ಮನಸ್ಸು ಮಾಡಿ, ಗಿಟಾರ್ ತಂತಿಯಲ್ಲಿ ಮೂಗಿನ ಕೆಳಗೆ ಅಡ್ಡಕ್ಕೆ ಕೊಯ್ದೆ. ದವಡೆಯನ್ನು ಪೂರ್ತಿ ಬಿಡಿಸಿಕೊಂಡು, ಅದರ ಮೇಲಿನಿಂದ ಬೆರಳು ದಪ್ಪದ ಒಂದು ಬಿಲ್ಲೆ ಕೊಯ್ದು ತೆಗೆದೆ. ದವಡೆಯನ್ನು ವಾಪಸ್ ಇಟ್ಟು, ಕಿವಿಯ ಹತ್ತಿರ ಒತ್ತಿ ಹಿಡಿದು, ಗದ್ದವನ್ನು ಸ್ವಲ್ಪ ಮುಂದಕ್ಕೆ ಎಳೆದೆ. ತುಟಿ ಇನ್ನೂ ಮಾಡಿಲ್ಲ. ಬಾಯಿ ಇರುವ ಜಾಗದಲ್ಲಿ ಬರೀ ಒಂದು ಮಡಿಕೆ. ಕಿವಿಯನ್ನು ಕಿತ್ತು ಹಿಂದೆ ಇಟ್ಟೆ, ಹಿಂದಲೆಗೆ ಎರಡು ಹಿಡಿ ಮಣ್ಣು ಹಾಕಿದೆ.

ಬೆಳಿಗ್ಗೆ ಅಮ್ಮ ಕಾಫಿ ತಂದವರು ಅದನ್ನು ನೋಡಿ, ಮೊದಲು ಏನೂ ಅನ್ನಲಿಲ್ಲ. ಆಮೇಲೆ ಮಣ್ಣಿನ ತಲೆಯ ಕಡೆ ಕೈ ತೋರಿಸಿ, ‘ಅಷ್ಟು ದುಡ್ಡು ಕೊಟ್ಟು ಸೆಟ್ ಮಾಡಿಸಿದ್ವಿ, ಒಂದು ದಿನ ಹಾಕಿದ್ರಾ?’ ಅಂತ ಶುರು ಮಾಡಿದರು. ಹಲ್ಲಿನ ಅಪ್ಪ ಬೇಕು ಅನ್ನುವ ಮಾತನ್ನು ಆಮೇಲೆ ಎತ್ತಿಲ್ಲ. ಕಣ್ಣಿನ್ನೂ ಹಳೇ ಕಣ್ಣೇ, ಈ ವಾರ ಗುಡ್ಡೆ ಇಟ್ಟು ಮಾಡುತ್ತೇನೆ.

ಈಗ ಮುಂದಿನ ಪ್ರಶ್ನೆ. ಇದನ್ನು ಅಚ್ಚು ತೆಗೆದು ಪ್ಲಾಸ್ಟರ್‌ನಲ್ಲಿ ಎರಕ ಹೊಯ್ಯಬೇಕು, ತಂಗಿಗೂ ಒಂದು ಬೇಕಂತೆ. ಸಿಲಿಕೋನ್ ತರಿಸಬೇಕು ಅಂತಿದ್ದೇನೆ. ಮತ್ತೆ, ನನ್ನ ಮುಖದ ಮೇಲೇ ಪಿಒಪಿ ಹಾಕಿ ಒಂದು ಅಚ್ಚು ತೆಗೆದರೆ ಅಳತೆ ಕಲಿಯಲು ಸುಲಭ ಆಗುತ್ತದಾ?

ಹಲ್‌ಸೆಟ್‌ಅಕ್ಕ

ಮುಖಕ್ಕೆ ಪಿಒಪಿ ಹಾಕಬೇಡಿ! ಗಟ್ಟಿಯಾಗುವಾಗ ಅದು ಕಾಯುತ್ತದೆ. ದಪ್ಪ ಹಾಕಿದರೆ 60 ಡಿಗ್ರಿವರೆಗೂ ಹೋಗುತ್ತದೆ, ಚರ್ಮ ಸುಡುತ್ತದೆ. ಹುಬ್ಬು, ರೆಪ್ಪೆಯ ಕೂದಲು ಸಿಕ್ಕಿಕೊಂಡರೆ ಬಿಡಿಸಲೂ ಆಗುವುದಿಲ್ಲ. ಬಾಯಿಯ ಅಳತೆ ತೆಗೆಯಲು ನಾವು ಬಳಸುವ ಆಲ್ಜಿನೇಟ್ ಪುಡಿ ಇದೆಯಲ್ಲ, ಮುಖಕ್ಕೂ ಅದೇ ಜಾತಿಯದು ಬೇಕು. ತಣ್ಣೀರಲ್ಲಿ ಕಲಸಿದರೆ ನಿಧಾನ ಗಟ್ಟಿಯಾಗುತ್ತದೆ. ಒಬ್ಬರೇ ಇದ್ದಾಗ ಮಾಡಬೇಡಿ. ಮೂಗಿನ ಹೊಳ್ಳೆ ತೆರೆದಿದೆಯಾ ಅಂತ ನೋಡಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಎಂ-ಸೀಲನ್ನು ಬರಿಗೈಯಲ್ಲಿ ಕಲಸುತ್ತೀರೋ ಏನೋ, ಗ್ಲೌಸ್ ಹಾಕಿಕೊಳ್ಳಿ. ಎಪಾಕ್ಸಿ ಒಮ್ಮೆ ಕೈಗೆ ಒಗ್ಗದೆ ಹೋದರೆ ಜನ್ಮಪೂರ್ತಿ ಒಗ್ಗುವುದಿಲ್ಲ.

ಬೇಏರಿಯಾಬೊಂಬೆ

ಸಿಲಿಕೋನ್ ತರಿಸುವ ಮೊದಲು ನಿಮ್ಮ ಕ್ಲೇಯಲ್ಲಿ ಗಂಧಕ ಇದೆಯಾ ಅಂತ ನೋಡಿ. ಅಗ್ಗದ ಎಣ್ಣೆ ಕ್ಲೇಗಳಲ್ಲಿ ಬಹಳಷ್ಟು ಸಲ ಇರುತ್ತದೆ. ಪ್ಲಾಟಿನಂ ಜಾತಿಯ ಸಿಲಿಕೋನ್ ಗಂಧಕ ಮುಟ್ಟಿದ ಕಡೆ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿದು ಅಜ್ಜನ ಮುಖವೆಲ್ಲ ಹಾಳಾಗುತ್ತದೆ. ಲೇಟೆಕ್ಸ್ ಗ್ಲೌಸ್ ತಾಗಿದರೂ ಇದೇ ಕಥೆ. ನಿಮಗೆ ಟಿನ್ ಜಾತಿಯದು ಸಾಕು, ಬೆಲೆಯೂ ಕಮ್ಮಿ, ಅದಕ್ಕೆ ಗಂಧಕದ ತಕರಾರಿಲ್ಲ. ಯಾವುದೇ ಆದರೂ ಮೊದಲು ಕ್ಲೇಯ ಉಂಡೆಯ ಮೇಲೆ ಚಮಚದಷ್ಟು ಹಾಕಿ ಒಂದು ರಾತ್ರಿ ಬಿಟ್ಟು ನೋಡಿ.

ಪ್ಲಾಸ್ಟರ್‌ಧೂಳು

ಸಿಲಿಕೋನನ್ನು ಬಕೆಟ್‌ನಲ್ಲಿ ಹುಯ್ಯಬೇಡಿ, ದುಡ್ಡು ದಂಡ. ಬ್ರಶ್‌ನಲ್ಲಿ ಎರಡು ಮೂರು ಪದರ ಬಳಿದು, ಮೇಲೆ ಪ್ಲಾಸ್ಟರ್ ಕವಚ ಮಾಡಿ. ಕವಚದ ಎರಡು ಹೋಳು ಕಿವಿಯ ಹಿಂದಿನಿಂದ ನೆತ್ತಿಗೆ ಹೋಗುವ ಗೆರೆಯಲ್ಲಿ ಕೂಡಲಿ. ಕಿವಿಯ ಹಿಂದಿನ ಸಂದನ್ನು ಸಿಲಿಕೋನಿನಿಂದಲೇ ತುಂಬಿಬಿಡಿ, ಪ್ಲಾಸ್ಟರ್ ಅಲ್ಲಿ ಸಿಕ್ಕಿಕೊಂಡರೆ ಕಿವಿ ಕಿತ್ತು ಬರುತ್ತದೆ.

ಚೌತಿಬೀದಿ

ದುಡ್ಡು ಉಳಿಸಬೇಕೆಂದರೆ ಮುಂದಿನ ತಲೆಯನ್ನು ಕೆರೆಮಣ್ಣಿನಲ್ಲಿ ಮಾಡಿ. ಹತ್ತಿಯನ್ನು ಬಿಡಿಸಿ ಮಣ್ಣಿಗೆ ಹಾಕಿ ಚೆನ್ನಾಗಿ ತುಳಿದರೆ ಬಿರುಕು ಬಿಡುವುದು ಕಮ್ಮಿ. ಒಣಗುವಾಗ ಕುಗ್ಗುತ್ತದೆ, ಅದಕ್ಕೆ ಒಂದು ಬೆರಳು ದೊಡ್ಡದಾಗಿಯೇ ಕಟ್ಟಿ. ಸುಡುವುದಾದರೆ ಹತ್ತಿ ಹಾಕಬೇಡಿ, ಒಳಗೆ ಟೊಳ್ಳು ಮಾಡಿ. ನಮ್ಮ ಕಡೆ ಬಂದರೆ ಮಣ್ಣು ನಾನೇ ಕೊಡುತ್ತೇನೆ. ಚೌತಿ ಮುಗಿದ ಮೇಲೆ ಬನ್ನಿ, ಅದಕ್ಕೆ ಮೊದಲು ಬಂದರೆ ನಿಮ್ಮನ್ನೂ ತುಳಿಯಲು ಹಚ್ಚುತ್ತೇನೆ.

ಹಳೇಗರಡಿ

ಚೌತಿಗೆ ಮೊದಲೇ ಹೋಗಿ.